ಓನರಮ್ಮ ಓಡಿಹೋದ ಮೇಲೆ

ಭೀಮೇಶನ ಹೊಸ ಕಾದಂಬರಿ ಬಂತೆಂದರೆ ಯಾರಾದರೊಬ್ಬರು ಮೈ ಪರಚಿಕೊಳ್ಳಲೇಬೇಕು. ಹೋದ ಸಲ ಜ್ಯೋತಿಷಿಗಳು ಪರಚಿಕೊಂಡಿದ್ದರು. ಈ ಸಲದ ‘ಓನರಮ್ಮ ಓಡಿಹೋದಳು’ ಕಾದಂಬರಿಗೆ ಟೀವಿಯವರೇ ಮೊದಲು ಬೆಚ್ಚಿಬಿದ್ದರು. ಕೆ.ಆರ್. ಪುರದಲ್ಲಿ ನಾಲ್ಕು ಮನೆ ಬಾಡಿಗೆಗೆ ಕೊಟ್ಟಿರುವ, ಅರವತ್ತು ದಾಟಿದ ವಿಧವೆಯೊಬ್ಬಳು ಮಹಡಿಯ ರೂಮಿನ ಏಸಿ ಮೆಕ್ಯಾನಿಕ್‌ಗೆ ಮನಸೋತು, ಅವನ ಬೈಕಿನ ಹಿಂದೆ ಕೂತು ಗೋಕರ್ಣಕ್ಕೆ ಹೊರಟೇಬಿಡುವ ಕಥೆ ಅದು.

ಕೆ.ಆರ್. ಪುರದ ಟಿನ್ ಫ್ಯಾಕ್ಟರಿ ಹಿಂದಿನ ಬೀದಿಯವರು ಇದನ್ನು ಬರೀ ಕಥೆಯೆಂದು ನಂಬಲಿಲ್ಲ. ಮದುವೆಗೆ ಮುಂಚೆ ಭೀಮೇಶ ಬಾಡಿಗೆಗಿದ್ದದ್ದು ಅದೇ ಬೀದಿಯ ಗೋವಿಂದಮ್ಮನ ಮಹಡಿ ರೂಮಿನಲ್ಲಿ. ಗೋವಿಂದಮ್ಮನಿಗೆ ಅರವತ್ತಮೂರು, ಗಂಡ ಹೋಗಿ ಬಹಳ ವರ್ಷವಾಗಿದೆ. ಬೀದಿಗೆ ಅಷ್ಟು ಸಾಕಾಯಿತು. ಸೊಪ್ಪಿನವಳು ಒಂದು ಕಂತೆ ಹೆಚ್ಚಿಗೆ ಕೊಟ್ಟು ಅವಳ ಮುಖವನ್ನೇ ನೋಡಿದಳು. ಹೆಂಡತಿ ತೀರಿಕೊಂಡ ಮೇಲೆ ಬನಿಯನ್ನಿನಲ್ಲೇ ದಿನ ತಳ್ಳುತ್ತಿದ್ದ ಎದುರುಮನೆಯ ದೊಡ್ಡಮುನಿಯಪ್ಪನವರು ಇಸ್ತ್ರಿ ಶರ್ಟು ತೊಟ್ಟು ಗೇಟಿಗೆ ಬಂದು ನಿಲ್ಲತೊಡಗಿದರು. ವಿಮಾನಪುರದಿಂದ ಮಗಳು ರೇವತಿ ಫೋನಿನಲ್ಲೇ ಅತ್ತಳು. “ಅಮ್ಮಾ, ನಮ್ಮತ್ತೆ ಮುಂದೆ ತಲೆ ಎತ್ತೋಕಾಗ್ತಿಲ್ಲ. ಕೇಸ್ ಹಾಕೋಣ.”

“ಏನ್ ಬರ್ದಿದಾನೆ ಅಂತ ಗೊತ್ತಿಲ್ದೆ ಏನಂತ ಹಾಕೋದೇ?” ಎಂದು ಗೋವಿಂದಮ್ಮ ಫೋನಿಟ್ಟಳು.

ಕಣ್ಣಿನ ಪೊರೆ ಆಗಷ್ಟೇ ತೆಗೆಸಿದ್ದರಿಂದ ಅವಳು ಓದುವಂತಿರಲಿಲ್ಲ. ಕೆಳಗಿನ ಮನೆಯಲ್ಲಿ ಬಾಡಿಗೆಗಿದ್ದ ಸಿಂಧನೂರಿನ ಹುಡುಗಿ ಸೌಂದರ್ಯಾ, ಪಾರ್ಲರ್ ಕೆಲಸ ಮುಗಿಸಿ ಬಂದು ದಿನಾ ಸಂಜೆ ಓದಿ ಹೇಳಿದಳು. ಪುಸ್ತಕದ ಓನರಮ್ಮನ ಹಸಿರು ಸೀರೆ, ಮೆಹಂದಿ ಹಚ್ಚಿದ ಕೂದಲು, ಬಾಡಿಗೆದಾರರನ್ನು ಗದರಿಸಿ ಆಮೇಲೆ ಅವರಿಗೇ ಹುಳಿ ಕೊಟ್ಟುಕಳಿಸುವ ಅಭ್ಯಾಸ, ಎಲ್ಲವೂ ತನ್ನದೇ. ಗೋವಿಂದಮ್ಮ ಕೆನ್ನೆಗೆ ಕೈಯಿಟ್ಟು ಕೇಳುತ್ತಿದ್ದಳು. ಒಂದು ಸಂಜೆ ಸೌಂದರ್ಯಾ ಸುಮ್ಮನೆ ಕೆಮ್ಮಿ ಹಾಳೆ ತಿರುಗಿಸಿದಳು.

“ಯಾಕೆ, ಎರಡು ಹಾಳೆ ಒಟ್ಟಿಗೆ ತಿರುಗಿಸ್ಬಿಟ್ಟೆ?”

“ಅಲ್ಲೇನಿಲ್ರೀ ಅಮ್ಮಾರ… ಮಳಿ ಬರೂದೈತಿ ಅಷ್ಟ.”

“ಮಳೆ ನಾನೂ ನೋಡಿದೀನಿ. ಓದು.”

ಸೌಂದರ್ಯಾ ಕೆಂಪಾಗಿ ಓದಿದಳು. ಆ ರಾತ್ರಿ ಗೋವಿಂದಮ್ಮನಿಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ಅವಳು ಓನರಮ್ಮ, ಅಜ್ಜಿ, ರೇವತಿಯ ತಾಯಿ. ಇವುಗಳ ಆಚೆಗೂ ಅವಳು ಏನಾದರೂ ಆಗಿರಬಹುದೆಂದು ಎಷ್ಟೋ ವರ್ಷಗಳಿಂದ ಯಾರೂ ಯೋಚಿಸಿರಲಿಲ್ಲ. ಅವಳೂ ಯೋಚಿಸಿರಲಿಲ್ಲ.

ಭಾನುವಾರ ಹಲಸೂರಿನ ಸಭಾಂಗಣದಲ್ಲಿ ಪುಸ್ತಕದ ಸಂವಾದವಿತ್ತು. ಪುಸ್ತಕ ನಿಷೇಧಿಸಬೇಕೆಂದು ಕೂಗಾಡುತ್ತಿದ್ದ ‘ಗೃಹಿಣಿ ಗೌರವ ವೇದಿಕೆ’ಯ ಅಧ್ಯಕ್ಷ ಭಗವಂತರಾಯರು ಗೋವಿಂದಮ್ಮನನ್ನು ಸೌಂದರ್ಯಾಳ ಸಮೇತ ಕಾರಿನಲ್ಲಿ ಕರೆತಂದು, ಸಭೆಯ ನಡುವೆ ಎದ್ದುನಿಂತು ಅವಳ ಕೈಗೆ ಮೈಕು ಕೊಡಿಸಿದರು. ವೇದಿಕೆಯ ಮೇಲೆ ಸಿಂಹದಂತೆ ಕೂತಿದ್ದ ಭೀಮೇಶ ಅವಳನ್ನು ಕಂಡು ಬೆವೆತುಹೋದ.

“ಅಮ್ಮಾ, ಅದು ನೀವಲ್ಲ. ನನ್ನಾಣೆಗೂ ಅಲ್ಲ.”

“ಸೀರೆ ನಂದು, ಹುಳಿ ನಂದು. ಆದ್ರೂ ನಾನಲ್ವಾ?”

“ಅವೆಲ್ಲ ನಿಮ್ಮದೇ. ಆ ಪ್ರೀತಿ ಮಾತ್ರ ಕಲ್ಪನೆ ಅಮ್ಮಾ.”

“ಯಾಕಪ್ಪಾ? ಅದೊಂದು ನಂದಾಗ್ಬಾರ್ದಾ?”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಭಗವಂತರಾಯರು ಅವಸರದಿಂದ ಬಗ್ಗಿ, “ಅವಮಾನ ಆಗಿದೆ ಅಂತ ಹೇಳಿ ಅಮ್ಮಾ” ಎಂದರು.

“ಆಗಿದೆ,” ಎಂದಳು ಗೋವಿಂದಮ್ಮ. “ಗೋಕರ್ಣಕ್ಕೆ ಹೋದವಳನ್ನ ಕೊನೇಲಿ ವಾಪಸ್ ಕರ್ಕೊಂಡ್ ಬಂದು ಮಗಳ ಮುಂದೆ ಅಳಿಸಿ, ತಪ್ಪಾಯ್ತು ಅನ್ನಿಸಿದಾನಲ್ಲ, ಅಲ್ಲಾಗಿದೆ. ಅಷ್ಟು ದೂರ ಹೋದೋಳು ಯಾಕೆ ಬರ್ತಾಳೆ? ಏನೋ ಭೀಮೇಶ, ಊರನ್ನೆಲ್ಲ ಕೆಣಕ್ತೀಯ, ಕೊನೇ ಅಧ್ಯಾಯಕ್ಕೆ ಹೆದರ್ಕೊಂಡ್ಯಾ?”

ಚಪ್ಪಾಳೆಯೋ ಚಪ್ಪಾಳೆ. ಭಗವಂತರಾಯರ ಜೊತೆ ಬಂದಿದ್ದ ಗೌರವ ವೇದಿಕೆಯ ಇಬ್ಬರು ಗೃಹಿಣಿಯರೂ ತಟ್ಟಿದರು. ರಾಯರು ತಿರುಗಿ ನೋಡಿದಾಗ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಭೀಮೇಶ ತಲೆ ಕೆರೆದುಕೊಂಡು, “ಹೆದರಿದ್ದು ನಿಜ ಅಮ್ಮಾ” ಎಂದ. ಅವನ ಇಷ್ಟು ವರ್ಷಗಳ ಸಂದರ್ಶನಗಳಲ್ಲಿ ಕೇಳಿಸದ ಮಾತು ಅದು. ಭಗವಂತರಾಯರು ಕಾರು ತೆಗೆದುಕೊಂಡು ಒಬ್ಬರೇ ಹೊರಟುಹೋದರು. ಗೋವಿಂದಮ್ಮ ಸೌಂದರ್ಯಾಳ ಜೊತೆ ಮೆಟ್ರೋ ಹತ್ತಿ ಮನೆಗೆ ಬಂದಳು.

ಅವಳು ಮನೆ ಸೇರುವ ಮುಂಚೆಯೇ ಸಭೆಯ ವಿಡಿಯೊ ವಿಮಾನಪುರ ಮುಟ್ಟಿತ್ತು. ಮಾರನೆಯ ದಿನ ರೇವತಿ ಮುಖ ಗಂಟಿಕ್ಕಿಕೊಂಡೇ ಬಂದಳು. ತಟ್ಟೆಯಲ್ಲಿ ಕೊಟ್ಟ ಉಪ್ಪಿಟ್ಟು ತಿಂದಳು, ನೀರು ಕುಡಿದಳು, ಆಮೇಲೆ ಮೆಲ್ಲಗೆ ಹತ್ತಿರ ಸರಿದು ಕೇಳಿದಳು.

“ನಿಜ ಹೇಳಮ್ಮ. ಯಾರಾದ್ರೂ ಇದಾರಾ?”

“ಇದ್ದಿದ್ರೆ ನಿಂಗ್ಯಾಕೆ ಹೇಳ್ತಿದ್ದೆ?” ಎಂದಳು ಗೋವಿಂದಮ್ಮ.

ರೇವತಿ ಎಷ್ಟು ತಡೆದರೂ ನಗು ಬಂದೇಬಿಟ್ಟಿತು.