ಐದು ಇಂಚು

ಕಾಗದದ ಮೇಲೆ ಎಲ್ಲರ ಮನೆಯೂ ಅರಮನೆಯೇ. ಅದಕ್ಕೇ ನನಗೆ ಪ್ಲಾನುಗಳ ಮೇಲೆ ನಂಬಿಕೆಯಿಲ್ಲ. ನಾವೆಲ್ಲ ಒಟ್ಟಿಗಿದ್ದ ಬಾಡಿಗೆ ಮನೆಗೆ ಬರುವಾಗ ನನ್ನ ತಮ್ಮ ಒಂದು ಮರದ ಬೀರು ತಂದ. ಕಾಗದದ ಮೇಲೆ ಅದು ಮೂಲೆಯಲ್ಲಿ ಸರಿಯಾಗಿ ಕೂತಿತ್ತು. ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡು, ನಾಲ್ಕು ಕಾಲನ್ನೂ ಕೊಯ್ಯಿಸಿಕೊಂಡು ಒಳಗೆ ಬಂತು.

ಹಾಗಾಗಿ ಅವನು ಹೊಸ ಮನೆ ಕೊಂಡಾಗ, ಬಣ್ಣ ಬಳಿಸುವ ಮೊದಲು ಯಾವ ಸಾಮಾನು ಎಲ್ಲಿ ಅಂತ ನೆಲದ ಮೇಲೇ ಗೆರೆ ಹಾಕಿ ನೋಡೋಣ ಅಂದೆ. ಟೈಲ್ಸ್ ಇನ್ನೂ ಹಾಕಿರಲಿಲ್ಲ, ಬರೀ ಸಿಮೆಂಟು ನೆಲ. "ನೀನೇ ಹಾಕಕ್ಕ, ನಿನ್ನ ಕೈಯಲ್ಲಿ ಅಳತೆ ತಪ್ಪಲ್ಲ," ಅಂದ ತಮ್ಮ. ನಾನು ಉಬ್ಬಿಹೋದೆ. ಇಪ್ಪತ್ತೆಂಟು ವರ್ಷದಿಂದ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳು ನಾನು. ಅಲ್ಲಿ ಎಲ್ಲರಿಗೂ ಕಟಿಂಗ್ ಅಕ್ಕ. ಅಪ್ಪ ಅಮ್ಮ ಹೋದಾಗ ತಮ್ಮನಿಗೆ ಒಂಬತ್ತು ವರ್ಷ. ಸ್ಕೂಲು ಬಿಟ್ಟ ಮೇಲೆ ನನ್ನ ಕಟಿಂಗ್ ಮೇಜಿನ ಕೆಳಗೇ ಕೂತು ಓದುತ್ತಿದ್ದ. ಯಾರಾದರೂ ನನ್ನ ಮದುವೆಯ ಮಾತೆತ್ತಿದರೆ ಇವನ ಪರೀಕ್ಷೆ ಮುಗಿಯಲಿ ಅನ್ನುತ್ತಿದ್ದೆ. ಪರೀಕ್ಷೆಗಳು ಮುಗಿದವು, ಮದುವೆಯ ಮಾತೂ ಮುಗಿಯಿತು.

ಬಾಡಿಗೆ ಮನೆಯನ್ನು ಆ ತಿಂಗಳ ಕೊನೆಗೆ ಬಿಡಬೇಕಿತ್ತು. ಹೊಸ ಮನೆಗೆ ನೀನೂ ಬಾ ಅಂತ ಯಾರೂ ಹೇಳಿರಲಿಲ್ಲ, ಬೇಡ ಅಂತಲೂ ಹೇಳಿರಲಿಲ್ಲ. ನಾನಾಗಿ ಕೇಳಲಿಲ್ಲ. ಬಾಯಿಬಿಟ್ಟು ಕೇಳಿ ಇಲ್ಲ ಅನ್ನಿಸಿಕೊಳ್ಳುವುದಕ್ಕಿಂತ ನೆಲದ ಮೇಲೆ ನನ್ನ ಮಂಚ ಬರೆದುಬಿಡೋಣ, ಬರೆದದ್ದನ್ನು ಯಾರು ಅಳಿಸುತ್ತಾರೆ ಅಂದುಕೊಂಡೆ.

ಭಾನುವಾರ ಬೆಳಿಗ್ಗೆ ಟೇಪು, ಸೀಮೆಸುಣ್ಣ ಹಿಡಿದು ಹೋದೆ. ಹಾಲಿನಲ್ಲಿ ಸೋಫಾ ಬರೆದೆ, ಟೀವಿ ಬರೆದೆ. ತಮ್ಮನ ಹೆಂಡತಿ ಗೆರೆಗಳ ನಡುವೆ ಓಡಾಡಿ ನೋಡಿದಳು, ಇಲ್ಲದ ಸೋಫಾ ಮೇಲೆ ಕೂರುವ ಹಾಗೆ ಮಾಡಿ ನಕ್ಕಳು. ನಾನೂ ನಕ್ಕೆ. ಅವರಿಬ್ಬರ ಕೋಣೆ ಮುಗಿಸಿ ಕೊನೆಗೆ ಚಿಕ್ಕ ಕೋಣೆಗೆ ಬಂದೆವು. ಅಲ್ಲಿ ಒಂದು ಕಡೆ ಎರಡು ಬಾಗಿಲು, ಇನ್ನೊಂದು ಕಡೆ ಓಡಾಡುವ ದಾರಿ. ಸಾಮಾನು ಇಡಲು ಇದ್ದದ್ದು ಕಿಟಕಿಯ ಗೋಡೆ ಒಂದೇ, ಹನ್ನೊಂದು ಅಡಿ ಒಂದು ಇಂಚು. ಕಾಲಿಲ್ಲದ ಬೀರು ಅಲ್ಲಿಗೆ. ಅವಳು ಸ್ಕೂಲಿನಲ್ಲಿ ಟೀಚರು, ಪೇಪರು ತಿದ್ದುವ ಮೇಜೂ ಅಲ್ಲಿಗೇ. ಎರಡನ್ನೂ ಬರೆದೆ. ಎಲ್ಲರಿಗೂ ಬಡಿಸಿ ಆಮೇಲೆ ತಾನು ಉಣ್ಣುವ ಬುದ್ಧಿ ನನ್ನದು, ನನ್ನ ಮಂಚವನ್ನು ಕೊನೆಗಿಟ್ಟುಕೊಂಡೆ.

ಮಂಚ ಹಿಡಿಯಲಿಲ್ಲ. ಐದು ಇಂಚು ಸಾಲದಾಯಿತು.

ಮತ್ತೆ ಟೇಪು ಹಿಡಿದೆ. ಅಷ್ಟೇ ಬಂತು.

"ಅಯ್ಯೋ ಅಕ್ಕ," ಅಂದಳು ಅವಳು. "ನಾವೆಷ್ಟು ಆಸೆ ಇಟ್ಕೊಂಡಿದ್ವಿ."

"ಅಳತೆ ಮುಂದೆ ಯಾರೇನು ಮಾಡೋಕಾಗುತ್ತೆ," ಅಂದ ತಮ್ಮ. "ನೀನು ಯೋಚನೆ ಮಾಡಬೇಡ. ನಿನ್ನ ಅಂಗಡಿ ಹತ್ರಾನೇ ಒಂದು ರೂಮು ನೋಡಿದೀನಿ."

ಕುಂಬಳಕಾಯಿ ಕಳ್ಳ ಅಂತ ಯಾರೂ ಅನ್ನದೆಯೇ ಅವನು ಹೆಗಲು ಮುಟ್ಟಿ ನೋಡಿಕೊಂಡಿದ್ದ. ನನಗೆ ಅದು ಆಗ ಹೊಳೆಯಲಿಲ್ಲ. ನನ್ನ ಕಣ್ಣೆಲ್ಲ ಗೆರೆಗಳ ಮೇಲಿತ್ತು. ಇಷ್ಟು ವರ್ಷದಲ್ಲಿ ನಾನು ಕತ್ತರಿಸಿದ್ದು ಐದು ಇಂಚು ಸಾಲದೆ ಹೋದದ್ದೇ ಇಲ್ಲ. ಬೀರುವಿನ ಗೆರೆಗೆ ಟೇಪು ಹಿಡಿದೆ. ಮೂರು ಅಡಿಯ ಬೀರು ನೆಲದ ಮೇಲೆ ಮೂರು ಅಡಿ ಎರಡು ಇಂಚು ಇತ್ತು.

ನನಗೆ ನಗು ಬಂತು. ಬಟ್ಟೆಯ ಮೇಲೆ ಗೆರೆ ಹಾಕುವಾಗ ಹೊಲಿಗೆಗೆ ಅಂತ ಸುತ್ತ ಒಂದೊಂದು ಇಂಚು ಹೆಚ್ಚು ಬಿಡುತ್ತೇವೆ, ಮಾರ್ಜಿನ್ ಅಂತ. ನನ್ನ ಕೈ ಕೇಳದೆಯೇ ಬೀರುವಿಗೂ ಮೇಜಿಗೂ ಮಂಚಕ್ಕೂ ಮಾರ್ಜಿನ್ ಬಿಟ್ಟಿತ್ತು. ಮೂರು ಸಾಮಾನಿಗೆ ಆರು ಇಂಚು ದಂಡ.

"ನಂದೇ ತಪ್ಪು ಕಣೋ," ಅಂದೆ. "ಬೀರುನ ಯಾರು ಮಡಚಿ ಹೊಲೀತಾರೆ?"

ಒದ್ದೆ ಬಟ್ಟೆಯಲ್ಲಿ ಎಲ್ಲ ಒರೆಸಿ, ಮಂಡಿಯೂರಿ ಹೊಸದಾಗಿ ಬರೆದೆ. ಬೀರು ಮೂರು ಅಡಿ, ಮೇಜು ಎರಡು, ಮಂಚ ಆರು. ಗೋಡೆಯಲ್ಲಿ ಒಂದು ಇಂಚು ಮಿಕ್ಕಿತು. ಹೊಟ್ಟೆಗೆ ಹಾಲು ಹುಯ್ದಂತಾಯಿತು. ಕಿಟಕಿಯ ಕೆಳಗೇ ಮಂಚ. ಬೆಳಿಗ್ಗೆ ಬೆಳಕಿಗೆ ಎದ್ದು ಕೂರಬಹುದು, ಸೂಜಿಗೆ ದಾರ ಪೋಣಿಸಲು ಯಾರನ್ನೂ ಕರೆಯಬೇಕಿಲ್ಲ. ಇಷ್ಟೆಲ್ಲ ಹೇಳುತ್ತ ತಲೆ ಎತ್ತಿದೆ.

ಇಬ್ಬರ ಮುಖದಲ್ಲೂ ಕಳೆಯಿರಲಿಲ್ಲ.

ಅವಳು ಗಂಡನ ಕಡೆ ತಿರುಗಿದಳು. "ಒರೆಸಿ ಮತ್ತೆ ಬರೀತಾರೆ ಅಂತ ನೀವು ಹೇಳಿರ್ಲಿಲ್ಲ."

ಕೆಳಗಿನ ಮಹಡಿಯಲ್ಲಿ ಯಾರೋ ಮೊಳೆ ಹೊಡೆಯುತ್ತಿದ್ದರು.

"ಏನೋ ಇದು?" ಅಂದೆ.

"ಹೋದ ವಾರ ನಾನೇ ಬಂದು ಅಳೆದಿದ್ದೆ ಅಕ್ಕ. ಹಿಡಿಯುತ್ತೆ ಅಂತ ಗೊತ್ತಿತ್ತು."

"ಮತ್ತೆ ನನ್ನ ಕೈಲಿ ಯಾಕೆ ಬರೆಸ್ದೆ?"

"ನೀನು ಬರೆದ್ರೆ ಹಿಡಿಯಲ್ಲ ಅಂತಾನೂ ಗೊತ್ತಿತ್ತು." ಅವನು ನೆಲ ನೋಡುತ್ತಿದ್ದ. "ನೀನೇ ಅಳೆದು ಜಾಗ ಇಲ್ಲ ಅಂದ್ರೆ ನಿಂಗೂ ಬೇಜಾರಾಗಲ್ಲ, ನಾವೂ ಕೆಟ್ಟೋರಾಗಲ್ಲ ಅನ್ಕೊಂಡೆ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನನ್ನ ಕೈಯ ಚಾಳಿ ಅಂಗಡಿಯ ಯಜಮಾನರಿಗೂ ಇಷ್ಟು ಚೆನ್ನಾಗಿ ಗೊತ್ತಿಲ್ಲ. ಇವನಿಗೆ ಗೊತ್ತಿರದೆ ಇನ್ನೇನು? ಪ್ರತಿ ವರ್ಷ ಸ್ಕೂಲು ಶುರುವಾಗುವ ಮುಂಚೆ ಇವನ ಅಂಗಿಯ ಹೊಲಿಗೆ ಬಿಚ್ಚಿ ದೊಡ್ಡದು ಮಾಡುತ್ತಿದ್ದೆ. ಬೆಳೆಯುವ ಹುಡುಗ ಅಂತ ಇವನ ಬಟ್ಟೆಗೆ ಎಲ್ಲರಿಗಿಂತ ಹೆಚ್ಚು ಮಾರ್ಜಿನ್ ಬಿಟ್ಟವಳು ನಾನೇ. ನಾಲ್ಕು ಮಾತು ಬೈಯಬೇಕು ಅನ್ನಿಸಿತು. ನೆಲದ ಮೇಲಿದ್ದ ಟೇಪು ಸುತ್ತಿಟ್ಟೆ.

ಅವನು ಜೇಬಿನಿಂದ ಒಂದು ಬೀಗದ ಕೈ ತೆಗೆದು ನೀಡಿದ. ರೂಮು ನೋಡಿದ್ದಷ್ಟೇ ಅಲ್ಲ, ಗೊತ್ತೂ ಮಾಡಿಬಿಟ್ಟಿದ್ದ. "ಕಿಟಕಿ ಇದೆ ಅಕ್ಕ, ಗಾಳಿ ಬರುತ್ತೆ," ಅಂದ.

ಮುಖದ ಮೇಲೆ ಎಸೆಯಬೇಕಿತ್ತು. ತಿಂಗಳು ಮುಗಿಯಲು ಒಂಬತ್ತು ದಿನ ಉಳಿದಿತ್ತು. ಸೀಮೆಸುಣ್ಣದ ಕೈಯನ್ನು ಸೀರೆಗೆ ಒರೆಸಿಕೊಂಡು, ಬೀಗದ ಕೈ ಇಸಿದುಕೊಂಡೆ.