ಮುಯ್ಯಿಗಾಗಿ ಮುಚ್ಚಿದ ಬಾಯಿ

ಮಲ್ಲಿಪಟ್ಟಣದ ಮಹಿಳಾ ಸಮಾಜದ ರೇಡಿಯೋ ಮಾತು ನಿಲ್ಲಿಸಿ ಒಂದು ಸುಗ್ಗಿಯೇ ಕಳೆದಿತ್ತು. ಸಮಾಜದ ಉಸ್ತುವಾರಿ ಹೊತ್ತ ಪುಟ್ಟತಾಯಮ್ಮ ದಿನವೂ ಅದರ ಧೂಳು ಒರೆಸುವರು, ಗುಂಡಿ ತಿರುಗಿಸುವರು, ಸುಮ್ಮನಾಗುವರು.

"ಇನ್ನೂ ಅದ್ರ ಮೈ ತಿಕ್ತಾ ಇದ್ದೀಯಲ್ಲ. ಎಣ್ಣೆ ಒತ್ತಿ ನೀರೂ ಉಯ್ದ್ಬುಡು," ಎಂದು ಗಂಡ ತಿಮ್ಮಪ್ಪ ಕೆಣಕಿದರೆ ಅವರಿಗೆ ನಗು ಬರುತ್ತಿರಲಿಲ್ಲ. ಅದು ಮೂಕಾದುದರಲ್ಲಿ ತನ್ನ ಪಾಲೂ ಇದೆ ಎಂಬುದು ಅವರಿಗೆ ಗೊತ್ತಿತ್ತು.

ಆದದ್ದು ಹೀಗೆ. ಹತ್ತಿರದ ಪೇಟೆ ಅರಕಲಗೂಡಿನಲ್ಲಿ ರೇಡಿಯೋಗೂ ಅದರ ಬಿಡಿ ಸಾಮಾನಿಗೂ ಚನ್ನಪ್ಪನವರ ಅಂಗಡಿಯೊಂದೇ ಏಜೆಂಟು. ದಂಡಿನಲ್ಲಿ ರಿಪೇರಿ ಕಲಿತು ಬಂದ ಬೈರಯ್ಯ ಬಸ್ಸು ನಿಲ್ಲುವ ಕಡೆ ಪೆಟ್ಟಿಗೆ ಅಂಗಡಿ ಇಟ್ಟ. ಹಾಸನದಿಂದ ಬ್ಯಾಟರಿ ತಂದು ಅಗ್ಗಕ್ಕೆ ಕೊಟ್ಟ. ಮಲ್ಲಿಪಟ್ಟಣಕ್ಕೆ ಕರೆಂಟು ಇನ್ನೂ ಬಂದಿರಲಿಲ್ಲ. ಪುಟ್ಟತಾಯಮ್ಮನೂ ಸಮಾಜದ ರೇಡಿಯೋಗೆ ಅವನ ಹತ್ತಿರವೇ ಬ್ಯಾಟರಿ ಕೊಂಡರು. ಮುಂದೆ ಸೆಟ್ಟು ಕೆಟ್ಟಾಗ ಅದರ ಸಾಮಾನು ಬೈರಯ್ಯನಿಗೆ ಸಿಗಲಿಲ್ಲ. ಚನ್ನಪ್ಪನವರಲ್ಲಿಗೇ ಹೊತ್ತು ಹೋಗಬೇಕಾಯಿತು. ಅವರು ಒಳಗಿದ್ದ ಬ್ಯಾಟರಿ ತಮ್ಮ ಅಂಗಡಿಯದಲ್ಲವೆಂದು ಕಂಡು ಸೆಟ್ಟನ್ನು ಹಿಂದಕ್ಕೆ ತಳ್ಳಿದರು.

"ಬೈರನ ತಾವ ವ್ಯಾಪಾರ ಮಾಡೋರ ಸೆಟ್ಟ ನಾನು ಮುಟ್ಟಾಕಿಲ್ಲ ಕಣವ್ವ. ಅವನಿಗೆ ಒಂದು ಸಾಮಾನೂ ಕೊಡಾಕಿಲ್ಲ. ಎಷ್ಟು ದಿನ ಬಾಗಿಲು ತಗೀತಾನೆ ನೋಡ್ತೀನಿ."

ಪುಟ್ಟತಾಯಮ್ಮ ಸೆಟ್ಟು ಹೊತ್ತು ಬಂದರು.

ವ್ಯಾಪಾರವೆಲ್ಲ ಒಂದೇ ಕೈ ಸೇರಿ ಜನಕ್ಕೆ ತೊಂದರೆಯಾಗುತ್ತಿದೆಯೇ ಎಂದು ವಿಚಾರಿಸಲು ಸರ್ಕಾರದ ಅಧಿಕಾರಿಯೊಬ್ಬರು ಅರಕಲಗೂಡಿಗೆ ಬಂದದ್ದು ಆಗಲೇ. ಚನ್ನಪ್ಪನವರು ಸಾಮಾನು ಕೊಡದೆ ತನ್ನ ಅಂಗಡಿ ಮುಚ್ಚಿಸಲು ನೋಡುತ್ತಿದ್ದಾರೆ ಎಂದು ಬೈರಯ್ಯ ದೂರು ಹೇಳಿದ. ಅವರು ಹಾಗೆಂದದ್ದನ್ನು ಕೇಳಿದವರು ಯಾರಾದರೂ ಇದ್ದಾರೆಯೇ ಎಂದರು ಅಧಿಕಾರಿ. ಚನ್ನಪ್ಪನವರ ಮಾತನ್ನು ಎದುರಿಗೇ ನಿಂತು ಕೇಳಿದವರು ಪುಟ್ಟತಾಯಮ್ಮ ಒಬ್ಬರೇ.

ಅಧಿಕಾರಿ ಅವರಿಗೆ ಹೇಳಿ ಕಳಿಸಿದರು. ಹೊರಡುವ ಮುಂಚೆ ತಿಮ್ಮಪ್ಪ ತಡೆದ. "ನಮ್ಮ ಮಗಳ ಮದ್ವೆಗೆ ಚನ್ನಪ್ಪನೋರು ಮೈಕ್ ಸೆಟ್ಟು ಸುಮ್ನೆ ಕಳ್ಸಿದ್ರು. ಅದು ಮುಯ್ಯಿ ಕಣೆ. ಮರ್ತ್ಯಾ?"

ಮದುವೆಯಲ್ಲಿ ಒಬ್ಬರು ಮುಯ್ಯಿ ಮಾಡಿದರೆ ಅವರ ಮನೆಯ ಮದುವೆಯಲ್ಲಿ ತಿರುಗಿ ಮಾಡಲೇಬೇಕು. ಮಾಡದ ಮನೆಯವರು ಊರಲ್ಲಿ ತಲೆ ಎತ್ತುವ ಹಾಗಿಲ್ಲ. ಚನ್ನಪ್ಪನವರಿಗೋ ಮಕ್ಕಳಿಲ್ಲ, ಮುಯ್ಯಿ ತೀರಿಸಲು ಮದುವೆಯೇ ಇಲ್ಲ. ಹೀಗಾದರೂ ತೀರಲಿ ಎಂದುಕೊಂಡರು ಪುಟ್ಟತಾಯಮ್ಮ.

"ನಂಗೇನೂ ಗೊತ್ತಿಲ್ಲ ಸಾ," ಎಂದು ಅಧಿಕಾರಿಯ ಮುಂದೆ ತಲೆ ತಗ್ಗಿಸಿದರು.

ಬೈರಯ್ಯ ಅವರ ಮುಖ ನೋಡಿದ. ಸ್ವಲ್ಪ ದಿನಕ್ಕೇ ಅಂಗಡಿ ಎತ್ತಿ ಹೊಳೆನರಸೀಪುರದ ಅಕ್ಕಿ ಗಿರಣಿಯೊಂದಕ್ಕೆ ಮೂಟೆ ಹೊರಲು ಹೋದ. ಅಲ್ಲಿಂದಾಚೆಗೆ ಚನ್ನಪ್ಪನವರು ಹೇಳಿದ್ದೇ ದರ. ಸಮಾಜದ ಸೆಟ್ಟನ್ನಂತೂ ತಿರುಗಿ ನೋಡದೆ, "ಹೊಸದು ತಗಳ್ಳಿ," ಎಂದುಬಿಟ್ಟರು.

ಒಂದು ದಿನ ಗ್ರಾಮಸೇವಿಕೆ ನೀಲಗಂಗಮ್ಮ ಬಂದು, ಆ ಅಧಿಕಾರಿ ಮತ್ತೆ ಬರುತ್ತಾರೆ, ಈ ಸಲವಾದರೂ ಕೇಳಿದ್ದನ್ನು ಹೇಳಿ ಎಂದರು.

"ಸರ್ಕಾರಕ್ಕೆ ಬ್ಯಾರೆ ಕೆಲ್ಸ ಇಲ್ವಾ? ಅಂಗಡಿ ಅವ್ರದು. ಅವ್ರಿಷ್ಟ," ಎಂದ ತಿಮ್ಮಪ್ಪ.

"ಒಳ್ಳೇ ಮಾಲು ಮಾರಿ ದೊಡ್ಡೋರಾದ್ರೆ ಯಾರೂ ಬೇಡ ಅನ್ನಲ್ಲ ತಿಮ್ಮಪ್ಪಣ್ಣ. ಪಕ್ಕದೋನಿಗೆ ಸಾಮಾನು ಸಿಗದಂಗೆ ಮಾಡಿ, ಅವನ ಅಂಗಡಿಗೆ ಹೋದೋರ್ನ ಹೆದರ್ಸೋದು ತಪ್ಪು. ಕೆರೆ ತೂಬಿನ ಕೀಲಿ ಒಬ್ಬನ ಸೊಂಟದಲ್ಲೇ ಇದ್ರೆ ನಿಮ್ಮ ಗದ್ದೆಗೆ ನೀರು ಯಾವಾಗ ಬರುತ್ತೆ?"

"ಅವನಿಗೆ ಎಚ್ಚರಾದಾಗ."

"ಹಂಗೇ ಇದೂ."

ಪುಟ್ಟತಾಯಮ್ಮ ಮೆಲ್ಲಗೆ ಕೇಳಿದರು. "ಮತ್ತೆ ಮುಯ್ಯಿ?"

"ಮುಯ್ಯಿ ಅಂದ್ರೆ ನಿಮ್ಮನೇದು ನೀವು ಕೊಡೋದು ಅಕ್ಕ. ನೀವು ಕೊಟ್ಟಿದ್ದು ಬೈರಯ್ಯನ ಅನ್ನ."

ತಿಮ್ಮಪ್ಪ ಎದ್ದು ಹೋಗಿ ಎಲೆಯಡಿಕೆ ಉಗಿದು ಬಂದ. "ನಾನೂ ಬತ್ತೀನಿ ನಡಿ. ಆವತ್ತು ನಿನ್ನ ಬಾಯಿ ಕಟ್ಟಿದೋನು ನಾನೇ ಅಂತ ಏಳ್ತೀನಿ."

ಈ ಸಲ ಪುಟ್ಟತಾಯಮ್ಮ ಕೇಳಿದ್ದನ್ನು ಕೇಳಿದ ಹಾಗೇ ಹೇಳಿದರು. ಅವರ ಹಿಂದೆ ಇನ್ನೂ ಕೆಲವರು ಬಾಯಿ ಬಿಟ್ಟರು. ಕೆಲವು ತಿಂಗಳಲ್ಲಿ ಮತ್ತೆರಡು ಅಂಗಡಿಗೆ ಏಜೆನ್ಸಿ ಸಿಕ್ಕಿತು. ದರ ಇಳಿಯಿತು, ಸಮಾಜದ ರೇಡಿಯೋ ರಿಪೇರಿಯಾಯಿತು.

ಪುಟ್ಟತಾಯಮ್ಮ ಬೈರಯ್ಯನನ್ನು ಕರೆತರಲು ಹೊಳೆನರಸೀಪುರಕ್ಕೆ ಹೋದರು. ಗಿರಣಿಯ ಮುಂದೆ ಅವನು ಬಲಗೈ ಚಾಚಿ ತೋರಿಸಿದ. ಮೂಟೆ ಉರುಳಿ ಜಜ್ಜಿದ ಬೆರಳುಗಳು ಕಟ್ಟಿಗೆಯಂತೆ ನಿಂತಿದ್ದವು.

"ಸಣ್ಣ ತಂತಿ ಇಡಿಯಾಕೆ ಬರಾಕಿಲ್ಲ ಕಣವ್ವ ಈಗ. ನೀವು ನಿಜ ಏಳಿದ್ದು ಒಳ್ಳೇದಾಯ್ತು ಬುಡಿ. ಮುಂದೆ ಬರೋರಿಗೆ ಆಯ್ತದೆ." ಹೀಗೆಂದು ಅವರಿಗೆ ಕಾಪಿ ತರಿಸಿದ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ರೇಡಿಯೋ ಆಗಲಿ, ಪಂಪು ಆಗಲಿ, ನಿಮ್ಮೂರಿನಲ್ಲೂ ಯಾರಾದರೂ ಎಲ್ಲವನ್ನೂ ತಮ್ಮ ಕೈಯಲ್ಲೇ ಹಿಡಿದು ಮಿಕ್ಕವರು ಬದುಕದಂತೆ ಮಾಡುತ್ತಿದ್ದರೆ ಸುಮ್ಮನಿರಬೇಡಿ. ವಿಚಾರಿಸಲು ಅಧಿಕಾರಿಗಳು ಬಂದರೆ ಕಂಡದ್ದನ್ನು ಹೇಳಿ. ಬರದಿದ್ದರೆ ನೀವೇ ಹೋಗಿ ಹೇಳಿ. ದಾಕ್ಷಿಣ್ಯಕ್ಕೆ ನಾಳೆ ಅನ್ನಬೇಡಿ. ತಡವಾಗಿ ಹೇಳಿದರೆ ಅಂಗಡಿಗಳು ಬಂದಾವು, ಹೋದ ಮನುಷ್ಯನ ಬದುಕು ತಿರುಗಿ ಬಾರದು.