ನೀಲಿ ಏರುವಷ್ಟು ಹೊತ್ತು

“ಬಿಚ್ಚಬೇಡಿ, ಇಲ್ಲಿ ಕೊಡಿ!” ಎನ್ನುತ್ತಲೇ ಹಿರಿಮಗಳು ಹೋಟೆಲಿನ ಅಡುಗೆಯವನ ಕೈಯಿಂದ ಕಾಗದದ ಕಟ್ಟನ್ನು ಕಿತ್ತುಕೊಂಡೇಬಿಟ್ಟಳು.

ಹಜಾರದಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ನಡುವೆ ಅಪ್ಪ ಮಲಗಿದ್ದ. ನಿನ್ನೆ ಊಟ ಮುಗಿಸಿ ಕುರ್ಚಿಗೆ ಒರಗಿದವನು ಹಾಗೆಯೇ ಹೋಗಿಬಿಟ್ಟಿದ್ದ. ಯಾರಿಗೂ ಒಂದು ಲೋಟ ನೀರು ಕೊಡುವಷ್ಟು ತೊಂದರೆಯನ್ನೂ ಕೊಡದೆ.

“ಅಯ್ಯೋ, ನನ್ನ ಚಾಕು ಕಣಮ್ಮ ಅದು,” ಅಡುಗೆಯವ ತಬ್ಬಿಬ್ಬಾದ. “ಮೊನ್ನೆ ಯಜಮಾನ್ರೇ ಬಂದು ಕೊಟ್ಟುಹೋದ್ರು. ನಾನಿನ್ನೂ ದಾರ ಕೂಡ ಬಿಚ್ಚಿಲ್ಲ. ಅವರ ಕೈಯ ಕೊನೇ ಕೆಲಸ ಅಲ್ವಾ? ಎಲ್ಲರೂ ಒಂದ್ಸಲ ನೋಡ್ಲಿ ಅಂತ ತಂದೆ.”

ಮೊನ್ನೆ ಅವಳು ತಂಗಿಯ ಮನೆಯಲ್ಲಿದ್ದಳು. ಅಂದರೆ ಅಪ್ಪ ಒಬ್ಬನೇ ಕೂತು ಮಾಡಿದ ಕೆಲಸ. ಕಾಗದದ ಅಂಚನ್ನು ಬೆರಳಿನಿಂದ ಸರಿಸಿ ನೋಡಿದಳು. ಅಲಗಿನ ಬೆನ್ನಿಗೆ ನೀಲಿ ಇರಬೇಕಾದಲ್ಲಿ ಬೂದಿ ಬಣ್ಣ. ಅದರ ನಡುವೆ ತುಕ್ಕಿನಂಥ ಕಂದು ತೇಪೆ. ಸಂತೆಯಲ್ಲಿ ಬಿಟ್ಟಿ ಕೊಟ್ಟರೂ ಯಾರೂ ಮುಟ್ಟುವಂತಿರಲಿಲ್ಲ.

“ಎಣ್ಣೆ ಒರೆಸಿ ತರ್ತೀನಿ ಇರಿ,” ಎಂದು ಬಾಯಿಗೆ ಬಂದ ಸುಳ್ಳು ಹೇಳಿ ಎದ್ದಳು. ಬಾಗಿಲ ಬಳಿ ಚಿಕ್ಕಪ್ಪ ಕೂತಿದ್ದ. ಹನ್ನೆರಡು ವರ್ಷ ಈ ಹೊಸ್ತಿಲು ತುಳಿಯದಿದ್ದವನು, ಎದುರು ಬೀದಿಯಲ್ಲಿ ಇದೇ ಹಳೇ ಚಾಕು ಹೊಸದು ಮಾಡುವ ಕಸುಬಿನ ಅಂಗಡಿ ಹಾಕಿಕೊಂಡವನು. ಅವನ ಕಣ್ಣು ಕಟ್ಟಿನ ಮೇಲೆಯೇ ಇತ್ತು. ಎಲ್ಲರನ್ನೂ ಬಿಟ್ಟು ಈತನೇ ನೋಡಬೇಕಿತ್ತೇ!

*

ಅಲಗಿಗೆ ನೀಲಿ ಏರಿಸುವುದು ಈ ಮನೆಯಲ್ಲಿ ಯಾವತ್ತೂ ಇಬ್ಬರ ಕೆಲಸ. ಹಳೆಯ ಚಾಕುವನ್ನು ಕನ್ನಡಿಯಂತಾಗುವವರೆಗೆ ಉಜ್ಜಬೇಕು. ಹರಿತವಾದ ಬಾಯಿಯ ಹದ ಕೆಡದಿರಲಿ ಎಂದು ಅದಕ್ಕೆ ಒದ್ದೆ ಬಟ್ಟೆ ಸುತ್ತಿ, ಬೆನ್ನನ್ನು ಕಾದ ಕಬ್ಬಿಣದ ಪಟ್ಟಿಯ ಮೇಲೆ ಹಿಡಿಯಬೇಕು. ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ಆ ನೀಲಿ ನಿಲ್ಲುವುದು ಒಂದೆರಡು ಉಸಿರಿನಷ್ಟು ಹೊತ್ತು. ಮೀರಿದರೆ ಬೂದಿ. ಹಿಡಿದವರಿಗೆ ಒಲೆಯ ಝಳದಲ್ಲಿ ಬಣ್ಣ ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ಕಿಟಕಿಯ ಬಳಿ ಇನ್ನೊಬ್ಬರು ನಿಂತು, ಮೈಯೆಲ್ಲ ಕಣ್ಣಾಗಿ ನೋಡಿ, “ಸಾಕು” ಎನ್ನಬೇಕು. ಆ ಮಾತು ಬಿದ್ದ ತಕ್ಷಣ ಅಲಗು ಎಣ್ಣೆಗೆ.

ಇವಳು ಹಿಡಿಯುವವಳು, ಅಪ್ಪ ನೋಡುವವನು. ಮೂರು ವರ್ಷದ ಹಿಂದೆ ಅಪ್ಪನ “ಸಾಕು” ತಡವಾಗತೊಡಗಿತು. ಕಣ್ಣಿಗೆ ಪೊರೆ ಬಂದಿತ್ತು, ಎಲ್ಲ ಬಣ್ಣವೂ ಕಂದಾಗಿತ್ತು. ಆಸ್ಪತ್ರೆ ಎಂದರೆ ಸಾಕು, ಮುಖ ಗಂಟು. “ನನ್ನ ಕಣ್ಣಿಗೇನಾಗಿದೆ? ನಿನಗೆ ನೋಡಿದ ಗಂಡು ಕಳ್ಳ ಅಂತ ಮುಖ ನೋಡಿಯೇ ಮೊದಲು ಹೇಳಿದವನು ಯಾರು?” ಎಂದು ಬಾಯಿ ಮುಚ್ಚಿಸುತ್ತಿದ್ದ. ಆ ಮಾತು ನಿಜವೂ ಆಗಿತ್ತು, ಏನು ಮಾಡುವುದು. ಅವಳು ಕತ್ತು ಓರೆ ಮಾಡಿ ತಾನೇ ಕದ್ದು ನೋಡುವುದನ್ನು ಕಲಿತಳು. ನೀಲಿ ಬಂದ ಕೂಡಲೇ ಅಲಗನ್ನು ಸದ್ದಿಲ್ಲದೆ ಮೇಲೆತ್ತಿ ಗಾಳಿಯಲ್ಲಿ ಹಿಡಿದಿರುತ್ತಿದ್ದಳು. ಅಪ್ಪ “ಸಾಕು” ಎಂದಾಗ, “ತೆಗೆದೆ ಅಪ್ಪ,” ಎಂದು ಎಣ್ಣೆಗೆ ಅದ್ದುತ್ತಿದ್ದಳು.

“ಈ ಬೀದೀಲಿ ಇನ್ಯಾರಿಗಿದೆಯೇ ಇಂಥ ಕಣ್ಣು!” ಎಂದು ಅಪ್ಪ ಮೀಸೆ ತಿರುವುತ್ತಿದ್ದ.

*

ಅಂಗಡಿ ಕೋಣೆಯಲ್ಲಿ ಉಜ್ಜುವ ಯಂತ್ರವಿತ್ತು. ಆದರೆ ಹೆಣ ಇಟ್ಟುಕೊಂಡ ಮನೆಯಲ್ಲಿ ಮೋಟಾರು ಗುಂಯ್ ಎಂದರೆ ಜನ ಏನೆಂದಾರು? ಹೆಣ ಒಯ್ಯುವ ಗಾಡಿ ಬರಲು ಇನ್ನೊಂದು ಗಂಟೆಯಿತ್ತು. ಎಮರಿ ಕಾಗದವನ್ನು ಮರದ ತುಂಡಿಗೆ ಸುತ್ತಿ, ಎಣ್ಣೆ ಸವರಿ, ಕೈಯಲ್ಲೇ ಉಜ್ಜತೊಡಗಿದಳು. ಕೈಯೆಲ್ಲ ಮಸಿಯಾಯಿತು. ಅರ್ಧ ತೇಪೆ ಹೋಗಿತ್ತು, ಅಷ್ಟರಲ್ಲಿ ಹಿಂದಿನಿಂದ ಕೈಯೊಂದು ಬಂದು ಚಾಕುವನ್ನು ಎತ್ತಿಕೊಂಡಿತು.

ಚಿಕ್ಕಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ಒಂದು ಮಗ್ಗುಲು ನೋಡಿದ, ಹೊರಳಿಸಿ ಇನ್ನೊಂದು ಮಗ್ಗುಲು ನೋಡಿದ.

“ಇದು ಅಣ್ಣನ ಕೆಲಸ?”

ಅವಳು ಎಮರಿ ಕಾಗದವನ್ನು ಬೆನ್ನ ಹಿಂದೆ ಅಡಗಿಸಿದಳು. ಹನ್ನೆರಡು ವರ್ಷದ ಹಿಂದೆ, ತಾತನ ಕಾಲದ ಚಾಕು ಬೂದಿಯಾದ ದಿನ, ಗಿರಾಕಿಗಳ ಎದುರೇ ಅಪ್ಪ ಈತನಿಗೆ, “ನೋಡೋಕೆ ನಿಲ್ಲಿಸಿದ್ರೆ ನಿದ್ದೆ ಹೊಡೀತಿದ್ಯೇನೋ ಕುರುಡಾ?” ಎಂದಿದ್ದ. ಆ ಮಾತು ಊರೆಲ್ಲ ಸುತ್ತಿ, ‘ಕುರುಡ’ ಎಂಬುದೇ ಈತನ ಅಡ್ಡಹೆಸರಾಗಿ ಉಳಿದುಹೋಯಿತು. ಈಗ ಈ ಅಲಗನ್ನು ಹಜಾರಕ್ಕೆ ಒಯ್ದು ಎತ್ತಿ ತೋರಿಸಿದರೆ ಮುಗಿಯಿತು. ನಲವತ್ತು ವರ್ಷದ ಹೆಸರು ಅಪ್ಪನಿಗಿಂತ ಮೊದಲೇ ಮಣ್ಣು ಸೇರುತ್ತದೆ.

“ಚಿಕ್ಕಪ್ಪ, ಕಾಲಿಗೆ ಬೀಳ್ತೀನಿ. ಇವತ್ತೊಂದಿನ ಬೇಡ.”

ಆತ ಬಾಗಿಲಿನತ್ತ ನಡೆದ. ಅವಳಿಗೆ ಅಳು ಒತ್ತರಿಸಿ ಬಂತು. ಆದರೆ ಆತ ಒಳಗಿನಿಂದ ಚಿಲಕ ಹಾಕಿ ಬಂದ. ಅಂಗಿಯ ತೋಳು ಮಡಚಿದ.

“ಹೀಗೆ ತುರಿಮಣೆ ಮೇಲೆ ಉಜ್ಜಿದ ಹಾಗೆ ಉಜ್ಜಿದ್ರೆ ನಾಳೆಯಾದ್ರೂ ಆಗಲ್ಲ. ಆ ಕಡೆ ಸರಿ. ಒಲೆ ಹಚ್ಚು.”

ಆತ ಉದ್ದುದ್ದಕ್ಕೆ, ಒಂದೇ ದಿಕ್ಕಿಗೆ ಉಜ್ಜಿದ. ಅವಳು ಕಬ್ಬಿಣದ ಪಟ್ಟಿ ಕಾಯಿಸಿದಳು. ಆತ ಅಲಗನ್ನು ಸೋಪಿನಲ್ಲಿ ತೊಳೆದು ಚಿಮಟದಲ್ಲಿ ಕೊಡುವಾಗ ಅವಳು ಅಭ್ಯಾಸಬಲದಿಂದ, “ಬೆರಳು ತಾಗಿಸಬೇಡಿ, ಕಲೆ ಬೀಳುತ್ತೆ,” ಎಂದುಬಿಟ್ಟಳು.

“ನೀನು ತೊಟ್ಟಿಲಲ್ಲಿದ್ದಾಗ ಇದನ್ನ ಮಾಡಿದೀನಿ ಕಣೆ.”

ಒದ್ದೆ ಬಟ್ಟೆ ಸುತ್ತಿ ಬೆನ್ನನ್ನು ಪಟ್ಟಿಗೆ ತಾಗಿಸಿದಳು. ಚಿಕ್ಕಪ್ಪ ಕಿಟಕಿಯ ಬಳಿ ನಿಂತ. ಹಳದಿ ಮೂಡಿತು. ಕಂದಾಯಿತು. ಕತ್ತು ಓರೆ ಮಾಡಿದಳು, ಆದರೆ ಕಣ್ತುಂಬ ನೀರು, ಬಣ್ಣವೆಲ್ಲ ಕಲಸಿಹೋಯಿತು. ಒರೆಸಿಕೊಳ್ಳಲು ಎರಡು ಕೈಯೂ ಖಾಲಿಯಿರಲಿಲ್ಲ.

“ಚಿಕ್ಕಪ್ಪ, ನನಗೆ ಕಾಣ್ತಿಲ್ಲ.”



ಬಾಗಿಲು ದಬದಬ ಬಡಿದ ಸದ್ದಾಯಿತು. “ಅಕ್ಕಾ, ಗಾಡಿ ಬಂತು! ಒಳಗೇನು ಮಾಡ್ತಿದೀಯ?” ತಂಗಿಯ ದನಿ.

“ಸಾಕು” ಇನ್ನೂ ಬಂದಿಲ್ಲ. ಸುಡಲೆಂದೇ ಬಿಟ್ಟಿದ್ದಾನೆಯೇ? ಎತ್ತಿಬಿಡಲೇ? ಮೂರು ವರ್ಷ ಯಾರ ಮಾತನ್ನೂ ಕಾಯದ ಕೈ ಅದು. ಹಲ್ಲು ಕಚ್ಚಿ ತಡೆದಳು.

“ಸಾಕು.”

ಆ ಮಾತಿನ ಜೊತೆಗೇ ಅಲಗು ಎಣ್ಣೆಗೆ ಬಿತ್ತು. ಚುಂಯ್ ಎಂದು ಹೊಗೆಯೆದ್ದಿತು. ಹೊರತೆಗೆದಾಗ ಬೆನ್ನಿನುದ್ದಕ್ಕೂ ನವಿಲಿನ ಕತ್ತಿನ ನೀಲಿ.

ಚಿಕ್ಕಪ್ಪ ಅಲಗನ್ನು ನೋಡಲಿಲ್ಲ, ಅವಳನ್ನೇ ನೋಡುತ್ತಿದ್ದ.

“ಅಂದ ತಕ್ಷಣ ತೆಗೆದೆಯಲ್ಲೇ,” ಎಂದ. “ಅಣ್ಣ ತೆಗೀಲಿಲ್ಲ. ಆವತ್ತು ನಾನು ಸಾಕು ಅಂದಿದ್ದೆ ಕಣೆ, ಸರಿಯಾದ ಹೊತ್ತಿಗೇ ಅಂದಿದ್ದೆ. ಇನ್ನೊಂಚೂರು ಬರಲಿ ಅಂತ ಅವನೇ ಹಿಡಿದುಕೊಂಡ.”

“ನಾನೂ ಅಪ್ಪನ ಸಾಕು ಕೇಳ್ತಿರಲಿಲ್ಲ ಚಿಕ್ಕಪ್ಪ. ಮೂರು ವರ್ಷ.”

“ಕೇಳಿದ್ರೆ ಅಂಗಡಿ ಮುಚ್ತಿತ್ತು, ಬಿಡು.” ಆತ ನಕ್ಕ. ನಗುತ್ತಲೇ ಗೋಡೆಗೆ ಹಣೆಯಿಟ್ಟು ಹೋ ಎಂದು ಅತ್ತುಬಿಟ್ಟ.

*

ಅಡುಗೆಯವ ಚಾಕುವನ್ನು ಎರಡು ಅಂಗೈಯ ಮೇಲಿಟ್ಟುಕೊಂಡು ಒಬ್ಬೊಬ್ಬರಿಗೂ ತೋರಿಸುತ್ತ ಬಂದ. ಚಿಕ್ಕಪ್ಪನ ಎದುರು ಬಂದಾಗ ಎಲ್ಲರ ಕತ್ತೂ ಆ ಕಡೆ ತಿರುಗಿತು. ಈ ಅಣ್ಣತಮ್ಮಂದಿರ ಕತೆ ತಿಳಿಯದವರು ಅಲ್ಲಿ ಯಾರೂ ಇರಲಿಲ್ಲ.

“ನೀವೂ ಕಸುಬಿನವರು. ಹೇಳಿ ಸ್ವಾಮಿ, ಹೇಗಿದೆ ಕೆಲಸ?”

ಆತ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ.

“ನಮ್ಮ ಅಂಗಡಿ ಕೆಲಸ,” ಎಂದ ಚಿಕ್ಕಪ್ಪ. “ನೋಡೋದೇನಿದೆ ಅದರಲ್ಲಿ?”

ಆಮೇಲೆ ಗಾಡಿಯವನು ಹೊತ್ತಾಯಿತು ಎಂದು ಅವಸರಿಸಿದ. ಕೈ ತೊಳೆಯುವುದು ಇಬ್ಬರಿಗೂ ನೆನಪಾಗಲಿಲ್ಲ. ತಲೆಯ ಕಡೆ ಅವಳು ಒಂದು ಬದಿಗೆ, ಚಿಕ್ಕಪ್ಪ ಇನ್ನೊಂದು ಬದಿಗೆ ಹಲಗೆಗೆ ಕೈ ಕೊಟ್ಟರು. ಗಾಡಿಯೊಳಗೆ ಇಳಿಸಿ ಹಿಂದೆ ಸರಿದಾಗ, ಹಲಗೆಗೆ ಹೊದಿಸಿದ್ದ ಬಿಳಿ ಬಟ್ಟೆಯ ಮೇಲೆ ಈಚೆಗೆ ನಾಲ್ಕು, ಆಚೆಗೆ ನಾಲ್ಕು, ಎಣ್ಣೆಮಸಿಯ ಕಪ್ಪು ಬೆರಳ ಗುರುತುಗಳು ಮೂಡಿದ್ದವು.